ಊರಿಲ್ಲದ ತಂಡಕ್ಕೆ ಉಘೇ ಉಘೇ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. 29 ತಂಡಗಳ ಹೆಸರಿನಲ್ಲಿ ಒಂದು ಊರೋ ರಾಜ್ಯವೋ ಇದೆ. ನ್ಯೂಯಾರ್ಕ್ ಯಾಂಕೀಸ್, ಬಾಸ್ಟನ್ ರೆಡ್ ಸಾಕ್ಸ್, ಟೆಕ್ಸಾಸ್ ರೇಂಜರ್ಸ್, ಹೀಗೆ. ಉಳಿದ ಒಂದಕ್ಕೆ ಮಾತ್ರ ಬರೀ ‘ಅಥ್ಲೆಟಿಕ್ಸ್’ ಅಂತ ಹೆಸರು. ಯಾವ ಊರಿನವರು ಅಂತ ಕೇಳಬಾರದು. ಟಿವಿಯ ಮೂಲೆಯಲ್ಲಿ ಸ್ಕೋರ್ ತೋರಿಸುವಾಗ ಬೇರೆಯವರಿಗೆ ಊರಿನ ಎರಡು ಮೂರು ಅಕ್ಷರ ಬರುತ್ತದೆ. ಇವರಿಗೆ ‘ಎಟಿಎಚ್’ ಅಂತ ಬರುತ್ತದೆ. ಮನೆ ವಿಳಾಸ ಕೇಳಿದರೆ ತನ್ನ ಹೆಸರನ್ನೇ ಇನ್ನೊಮ್ಮೆ ಹೇಳುವ ಈ ತಂಡವೇ ನನ್ನ ತಂಡ.

ಊರು ಬಿಟ್ಟುಹೋದದ್ದು ಮರೆವಿನಿಂದಲ್ಲ. 2025ರಿಂದ ಇವರು ಆಡುತ್ತಿರುವುದು ಕ್ಯಾಲಿಫೋರ್ನಿಯಾದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ. ಆದರೆ ಹೆಸರಿಗೆ ಸ್ಯಾಕ್ರಮೆಂಟೊ ಸೇರಿಸುವುದಿಲ್ಲ ಅಂತ ಬರುವ ಮೊದಲೇ ಸಾರಿಬಿಟ್ಟರು. ಯಾಕೆಂದರೆ 2028ಕ್ಕೆ ಲಾಸ್ ವೇಗಸ್‌ಗೆ ಹೋಗಬೇಕಂತೆ. ಅಲ್ಲಿಯವರೆಗೆ ಸ್ಯಾಕ್ರಮೆಂಟೊದವರು ಟಿಕೆಟ್ ಕೊಳ್ಳಬಹುದು, ಬಿಸಿಲಲ್ಲಿ ಕೂರಬಹುದು, ಗಂಟಲು ಹರಿಯುವಂತೆ ಕೂಗಬಹುದು. ‘ನಮ್ಮೂರ ತಂಡ’ ಅನ್ನುವ ಹಾಗಿಲ್ಲ. 2025ರ ಜೆರ್ಸಿಯನ್ನೇ ನೋಡಿ. ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊದ ಟವರ್ ಬ್ರಿಜ್, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್. ಇರುವ ಊರಿಗೆ ಒಂದು ಕೈ, ಹೋಗುವ ಊರಿಗೆ ಒಂದು ಕೈ. 57 ಸೀಸನ್ ಸಾಕಿದ ಹಳೆಯ ಊರು ಓಕ್ಲೆಂಡ್‌ಗೆ ಜಾಗ ಸಿಗಲಿಲ್ಲ. ಪಾಪ, ಮನುಷ್ಯನಿಗೆ ಮೂರನೇ ತೋಳು ಇಲ್ಲವಲ್ಲ.

ತಿರುಗಾಟ ಇವರಿಗೆ ಹೊಸದೇನಲ್ಲ. 1901ರಲ್ಲಿ ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ. 1955ರಲ್ಲಿ ಕ್ಯಾನ್ಸಸ್ ಸಿಟಿ. 1968ರಲ್ಲಿ ಓಕ್ಲೆಂಡ್. ಆದರೆ ಓಕ್ಲೆಂಡ್‌ನಲ್ಲಿ ಸುಮ್ನೆ ಬಂದು ಇದ್ದು ಹೋದವರಲ್ಲ. 1972, 73, 74, ಸತತ ಮೂರು ವರ್ಷ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದರು. 1989ರಲ್ಲಿ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯದಲ್ಲಿ ಬಡಿದರು, ಅದೂ ಸರಣಿಯ ನಡುವೆ ಭೂಕಂಪವಾಗಿ ಆಟ ನಿಂತು ಮತ್ತೆ ಶುರುವಾದ ವರ್ಷ. 2002ರಲ್ಲಿ ಯಾಂಕೀಸ್ ಕೊಡುವ ಸಂಬಳದ ಮೂರನೇ ಒಂದು ಭಾಗದಲ್ಲಿ, ಅಂಕಿಅಂಶ ನೋಡಿ ಕಟ್ಟಿದ ತಂಡ ಸತತ 20 ಪಂದ್ಯ ಗೆದ್ದಿತು. ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ಕಡಿಮೆ ಬಜೆಟ್ಟು, ಎಕ್ಸೆಲ್ ಶೀಟು, ಗೆಲುವು. ನಾನಿರುವ ಫ್ರೀಮಾಂಟ್‌ನಿಂದ ಬಾರ್ಟ್ ಅನ್ನುವ ಲೋಕಲ್ ರೈಲು ಹತ್ತಿದರೆ ತಂಡದ ಮೈದಾನ ಕೊಲಿಸಿಯಂನ ಸ್ಟೇಷನ್. ಅಲ್ಲಿಂದ ಕಾಲುಸೇತುವೆ. ಸೇತುವೆಯ ಮೇಲೆ ಕಡಲೆಕಾಯಿ ಮಾರುವವರು. ಕಡಲೆಕಾಯಿ ಕಂಡ ಕನ್ನಡಿಗ ಇದು ತನ್ನ ತಂಡವಲ್ಲ ಅನ್ನುವುದು ಹೇಗೆ?

ಇನ್ನು ಯಜಮಾನರ ಕಥೆ. ಈ ತಂಡದ ಇತಿಹಾಸದಲ್ಲಿ ಎರಡು ಜೀನ್ಸ್ ಮನೆತನಗಳಿವೆ. 1980ರಲ್ಲಿ ತಂಡ ಕೊಂಡದ್ದು ಲೀವೈಸ್ ಕಂಪನಿಯ ವಾಲ್ಟರ್ ಹಾಸ್ ಕುಟುಂಬ. ಅವರು ಆಟಗಾರರಿಗೆ ದುಡ್ಡು ಕೊಟ್ಟರು, ಊರಿನ ಮಕ್ಕಳನ್ನು ಮೈದಾನಕ್ಕೆ ಕರೆದರು. 1990ರಲ್ಲಿ 29 ಲಕ್ಷ ಜನ ಟಿಕೆಟ್ ಕೊಂಡು ಬಂದರು. ಈಗಿನವರು ಜಾನ್ ಫಿಶರ್. ಗ್ಯಾಪ್ ಬಟ್ಟೆ ಅಂಗಡಿ ಕಟ್ಟಿದ ದಂಪತಿಯ ಮಗ. ಆ ಅಂಗಡಿ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಗಿಲು ತೆರೆದಾಗ ಮಾರುತ್ತಿದ್ದದ್ದು ಏನು ಗೊತ್ತಾ? ಲೀವೈಸ್ ಜೀನ್ಸ್. ಮೊದಲ ತಲೆಮಾರು ಹಾಸ್ ಮನೆಯ ಪ್ಯಾಂಟು ಮಾರಿ ಮೇಲೆ ಬಂತು. ಎರಡನೇ ತಲೆಮಾರು 2005ರಲ್ಲಿ ಪಾಲುದಾರರ ಜೊತೆ ಸೇರಿ 18 ಕೋಟಿ ಡಾಲರ್‌ಗೆ ತಂಡ ಕೊಂಡಿತು. ಆಮೇಲೆ ಓಕ್ಲೆಂಡ್‌ನವರಿಗೆ ಚಡ್ಡಿ ಮಾತ್ರ ಉಳಿಯಿತು.

ಕೊಂಡ ಮೇಲೆ ಹೊಸ ಮೈದಾನದ ಹುಡುಕಾಟ. ನಮ್ಮ ಕಡೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಕೇಸರಿಭಾತ್ ತಿಂದು ‘ಊರಿಗೆ ಹೋಗಿ ಕಾಗದ ಹಾಕ್ತೀವಿ’ ಅಂತ ಎದ್ದು ಹೋಗುತ್ತಿದ್ದರಲ್ಲ, ಥೇಟ್ ಹಾಗೆ. ಮೊದಲು ಬಂದದ್ದು ನಮ್ಮ ಫ್ರೀಮಾಂಟ್‌ಗೇ. 2006ರಲ್ಲಿ ನಕ್ಷೆ, ಚಿತ್ರ, ಸುದ್ದಿಗೋಷ್ಠಿ ಎಲ್ಲ ಆಯಿತು. 2009ರಲ್ಲಿ ಬೇಡ ಅಂದರು. ಆಮೇಲೆ ಸ್ಯಾನ್ ಹೋಸೆ. ಅಲ್ಲಿ ಜಯಂಟ್ಸ್ ಅಡ್ಡ ಬಂದರು. ಆ ಸೀಮೆ ನಮ್ಮದು, ನೀವು ಕಾಲಿಡುವಂತಿಲ್ಲ ಅಂದರು. ಆ ಸೀಮೆ ಅವರದಾದದ್ದು ಹೇಗೆ? 1990ರ ಸುಮಾರಿಗೆ ಜಯಂಟ್ಸ್‌ಗೆ ಹೊಸ ಮೈದಾನ ಬೇಕಾಗಿದ್ದಾಗ, ಪಾಪ ಅಂತ ಬಿಟ್ಟಿಯಾಗಿ ಬಿಟ್ಟುಕೊಟ್ಟವರು ನಮ್ಮ ವಾಲ್ಟರ್ ಹಾಸ್. ಜಯಂಟ್ಸ್ ಅಲ್ಲಿಗೆ ಹೋಗಲೂ ಇಲ್ಲ, ವಾಪಸ್ ಕೊಡಲೂ ಇಲ್ಲ. ಸ್ಯಾನ್ ಹೋಸೆ ನಗರ ಕೋರ್ಟಿಗೆ ಹೋಯಿತು. ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸುವುದಿಲ್ಲ ಅಂತ 1922ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ಹಳೇ ತೀರ್ಪನ್ನು ಎದುರಿಗಿಟ್ಟು 2015ರಲ್ಲಿ ಕೇಸು ಮುಗಿಸಿದರು. 2017ರಲ್ಲಿ ಓಕ್ಲೆಂಡ್‌ನ ಒಂದು ಕಾಲೇಜಿನ ಪಕ್ಕದ ಜಾಗ ಅಂದರು. ಕಾಲೇಜಿನವರೇ ಬೇಡಪ್ಪಾ ಅಂದರು. 2018ರಲ್ಲಿ ಬಂದರಿನ ಹೊವರ್ಡ್ ಟರ್ಮಿನಲ್. ಬರೀ ಮೈದಾನವಲ್ಲ, ಮನೆ, ಹೋಟೆಲು, ಅಂಗಡಿ, ಆಫೀಸು ಸೇರಿ 1,200 ಕೋಟಿ ಡಾಲರ್‌ನ ಹೊಸ ಪೇಟೆಯೇ. ಚೆಂಡು ಹೊಡೆಯಲು ಜಾಗ ಕೇಳಿದವರು ಊರಿಗೆ ಊರನ್ನೇ ಕಟ್ಟುತ್ತೇವೆ ಅಂದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಈ ಹೊತ್ತಿಗೆ ತಂಡದ ಘೋಷವಾಕ್ಯ ‘ಓಕ್ಲೆಂಡ್‌ನಲ್ಲಿ ಬೇರೂರಿದ್ದೇವೆ’. ಬೇರೂರಿದವರು 2021ರಲ್ಲಿ ಲಾಸ್ ವೇಗಸ್‌ನಲ್ಲಿ ಸೈಟ್ ನೋಡಲು ಶುರು ಮಾಡಿದರು. ಕೇಳಿದರೆ ಎರಡೂ ದಾರಿಯಲ್ಲಿ ಸಮಾನಾಂತರವಾಗಿ ನಡೆಯುತ್ತಿದ್ದೇವೆ ಅಂದರು. ಎರಡು ಕಾಲಿನವನು ಎರಡು ದಾರಿಯಲ್ಲಿ ನಡೆದರೆ ಎಲ್ಲಿ ಹರಿಯುತ್ತದೆ ಅಂತ ಬಟ್ಟೆ ವ್ಯಾಪಾರದವರಿಗೆ ಬೇರೆಯವರು ಹೇಳಬೇಕೇ?

ಊರು ಬಿಡಲು ಒಂದು ಕಾರಣ ಬೇಕಲ್ಲ. ಕಾರಣ ತಯಾರು ಮಾಡುವ ವಿಧಾನ ಹೀಗಿತ್ತು. 2022ರ ಸೀಸನ್ ಶುರುವಾಗುವ ಹೊತ್ತಿಗೆ ತಂಡದ ಒಳ್ಳೊಳ್ಳೆ ಆಟಗಾರರನ್ನು, ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಕ್ರಿಸ್ ಬ್ಯಾಸಿಟ್, ಶಾನ್ ಮನೈಯಾ, ಸಾಲಾಗಿ ಬೇರೆ ತಂಡಗಳಿಗೆ ಸಾಗಿಸಿದರು. ಅದೇ ವರ್ಷ ಸೀಸನ್ ಟಿಕೆಟ್ ದರ ಏರಿಸಿದರು. ಇಡ್ಲಿಯೂ ಇಲ್ಲ ವಡೆಯೂ ಇಲ್ಲ, ಬಿಲ್ ಮಾತ್ರ ಡಬಲ್. ಆ ವರ್ಷ 102 ಸೋಲು. ಮರುವರ್ಷ, ಅಂದರೆ 2023ರಲ್ಲಿ 112 ಸೋಲು. ಇಡೀ ಲೀಗ್‌ನಲ್ಲೇ ಕಡಿಮೆ ಸಂಬಳದ ತಂಡ. ಜನ ಬರುವುದು ಕಡಿಮೆಯಾಯಿತು. ಆಗ ಯಜಮಾನರು ಕಣ್ಣೊರೆಸಿಕೊಂಡು ಹೇಳಿದ್ದು: ನೋಡಿ, ನಾವೇನು ಮಾಡೋಣ, ಜನ ಬರ್ತಾ ಇಲ್ಲ.

ಕೊಲಿಸಿಯಂ ಹಳೆಯದಾಗಿತ್ತು ಅನ್ನುವುದು ಸುಳ್ಳಲ್ಲ. 1966ರ ಕಾಂಕ್ರೀಟ್ ಬಟ್ಟಲು ಅದು. ನೋಡಲು ಚೆಂದ ಅಂತ ಅದರ ಸ್ವಂತ ತಾಯಿಯೂ ಹೇಳಲಾರಳು. 2013ರಲ್ಲಿ ಒಳಚರಂಡಿ ಉಕ್ಕಿ ಆಟಗಾರರ ಕೋಣೆಗೇ ನುಗ್ಗಿತು. ಎರಡೂ ತಂಡದವರು ಮೇಲಿನ ಮಹಡಿಗೆ ಹೋಗಿ ಒಂದೇ ಕಡೆ ಸ್ನಾನ ಮಾಡಿದರು. 2023ರಲ್ಲಿ ಕಾಮೆಂಟರಿ ಕೋಣೆಯಲ್ಲಿ ಒಂದು ಪೊಸಮ್ ಸಂಸಾರ ಹೂಡಿತು. ಪೊಸಮ್ ಅಂದರೆ ಹೆಗ್ಗಣಕ್ಕೆ ಅಣ್ಣ, ಮುಂಗುಸಿಗೆ ತಮ್ಮ ಅಂದುಕೊಳ್ಳಿ. ನ್ಯೂಯಾರ್ಕ್‌ನಿಂದ ಬಂದಿದ್ದ ಕಾಮೆಂಟೇಟರ್‌ಗಳು ಬೇರೆ ಕೋಣೆ ಹಿಡಿಯಬೇಕಾಯಿತು. ಇಡೀ ಸಂಸ್ಥೆಯಲ್ಲಿ ಓಕ್ಲೆಂಡ್ ಬಿಡಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ದು ಆ ಪೊಸಮ್ ಒಂದೇ.

ಅಭಿಮಾನಿಗಳು ಕೊನೆಗೆ ಒಂದು ಉಪಾಯ ಮಾಡಿದರು. ಬಹಿಷ್ಕಾರ ಹಾಕಿದರೆ ‘ಜನ ಬರ್ತಿಲ್ಲ’ ಅನ್ನುತ್ತಾರೆ. ಹಾಗಾದರೆ ಉಲ್ಟಾ ಬಹಿಷ್ಕಾರ ಮಾಡೋಣ, ಎಲ್ಲರೂ ಒಂದೇ ದಿನ ಬರೋಣ ಅಂತ. 2023ರ ಜೂನ್ 13, ಮಂಗಳವಾರ ರಾತ್ರಿ. 27,759 ಜನ ಬಂದರು. ಹಸಿರು ಟೀ ಶರ್ಟಿನ ಮೇಲೆ ‘ಸೆಲ್’ ಅಂತ ಒಂದೇ ಮಾತು. ಟೀಮ್ ಮಾರಿ, ಜಾಗ ಖಾಲಿ ಮಾಡಿ ಅಂತ ಅರ್ಥ. ಐದನೇ ಇನಿಂಗ್ಸ್ ಶುರುವಾದಾಗ ಇಡೀ ಮೈದಾನ ಗಪ್‌ಚುಪ್. ಚೆಂಡು ಕೈಗವಸಿಗೆ ಬಡಿಯುವ ಸದ್ದು ಮೇಲಿನ ಸಾಲಿಗೂ ಕೇಳುವಷ್ಟು ಮೌನ. ಆಮೇಲೆ ಒಂದೇ ಸಲ ‘ಸೆಲ್ ದ ಟೀಮ್’ ಅಂತ ಕೂಗು. ಸೀಸನ್ ಪೂರ್ತಿ ಸೋತು ಸುಣ್ಣವಾಗಿದ್ದ ತಂಡ ಅವತ್ತು 2-1ರಿಂದ ಗೆದ್ದು ಸತತ ಏಳನೇ ಗೆಲುವು ಮಾಡಿಕೊಂಡಿತು. ಆಟಗಾರರಿಗೆ ಅರ್ಥವಾಗಿತ್ತು. ಲೀಗ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರಿಗೆ ಬೇರೆ ಥರ ಅರ್ಥವಾಯಿತು. ಒಂದು ರಾತ್ರಿಯ ಮಟ್ಟಿಗಾದರೂ ಲೀಗ್‌ನ ಸರಾಸರಿಯ ಹತ್ತಿರ ಜನ ಸೇರಿದ್ದು ಸಂತೋಷ ಅಂತ ಹೇಳಿದರು. ಜನ ಬರದಿದ್ದರೆ ಬರಲಿಲ್ಲ ಅನ್ನುತ್ತಾರೆ. ಬಂದರೆ ಇಷ್ಟೇನಾ ಅನ್ನುತ್ತಾರೆ. ಅಭಿಮಾನಿಯಾಗಲು ಇಲ್ಲಿ ಎಂಟ್ರೆನ್ಸ್ ಪರೀಕ್ಷೆ ಇದೆ, ಉತ್ತರ ಪತ್ರಿಕೆ ಮಾತ್ರ ಯಾರೂ ತಿದ್ದುವುದಿಲ್ಲ.

ಅದೇ ದಿನ ಪಕ್ಕದ ನೆವಾಡಾ ರಾಜ್ಯದ ಸೆನೆಟ್ ಹೊಸ ಮೈದಾನಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆ ಪಾಸು ಮಾಡಿತು. ಜೂನ್ 15ಕ್ಕೆ ರಾಜ್ಯಪಾಲ ಜೋ ಲೊಂಬಾರ್ಡೊ ಸಹಿ ಹಾಕಿದರು. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಸಹಿಗೆ ಬೆಲೆ ಇದೆ. ಅದೇ ಜೂನ್ ತಿಂಗಳಲ್ಲಿ ಶಾಲಾ ಮಕ್ಕಳೆಲ್ಲರಿಗೂ ಉಚಿತ ಊಟ ಕೊಡುವ ಮಸೂದೆ ಅವರ ಮೇಜಿಗೆ ಬಂದಿತ್ತು. ಅದನ್ನು ತಳ್ಳಿಹಾಕಿದ್ದರು. ಬಿಸಿಯೂಟ ತಿಂದು ಬೆಳೆದ ನಾಡಿನಿಂದ ಬಂದ ನನಗೆ ಇದು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಂಡಿತು. ಆಮೇಲೆ ಸಮಾಧಾನ ಮಾಡಿಕೊಂಡೆ. ಮಕ್ಕಳು ಊಟ ಮಾಡಿದರೆ ಹೊಟ್ಟೆ ತುಂಬಿ ಎದ್ದು ಹೋಗುತ್ತವೆ. ಕೋಟ್ಯಧೀಶರ ಹೊಟ್ಟೆ ತುಂಬುವುದಿಲ್ಲ, ಆದ್ದರಿಂದ ಅವರಿಗೆ ಬಡಿಸುವುದು ಶಾಶ್ವತ ಯೋಜನೆ. ಅಲ್ಲಿನ ಶಿಕ್ಷಕರ ಸಂಘದವರು ಸುಮ್ಮನಿರಲಿಲ್ಲ. ಇದನ್ನು ಜನರ ಮತಕ್ಕೆ ಹಾಕಿ ಅಂತ ಅರ್ಜಿ ತಂದರು. ಅರ್ಜಿ ಬರೆದ ರೀತಿ ಸರಿಯಿಲ್ಲ ಅಂತ 2024ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮಕ್ಕಳ ಪ್ರಬಂಧ ತಿದ್ದುವ ಮೇಷ್ಟ್ರುಗಳೇ ಬರವಣಿಗೆಯಲ್ಲಿ ಫೇಲು.

ಇಲ್ಲಿ ತಂಡದ ಲಾಂಛನದ ಬಗ್ಗೆ ಹೇಳಲೇಬೇಕು. ಅದು ಬಿಳಿ ಆನೆ. ನಾನು ಕಟ್ಟಿ ಹೇಳುತ್ತಿಲ್ಲ. 1902ರಲ್ಲಿ ಎದುರಾಳಿ ಮ್ಯಾನೇಜರ್ ಜಾನ್ ಮೆಗ್ರಾ, ಫಿಲಡೆಲ್ಫಿಯಾದವರು ಬಿಳಿ ಆನೆ ಕಟ್ಟಿಕೊಂಡಿದ್ದಾರೆ ಅಂತ ಹಂಗಿಸಿದ. ಇವರ ಮ್ಯಾನೇಜರ್ ಕಾನಿ ಮ್ಯಾಕ್ ಕೋಪ ಮಾಡಿಕೊಳ್ಳದೆ ಅದನ್ನೇ ಗುರುತಾಗಿ ಇಟ್ಟುಕೊಂಡ. ಆಗ ಅದು ಜೋಕು. 120 ವರ್ಷ ಕಳೆದ ಮೇಲೆ ನೆವಾಡಾದವರು ಮೇವಿನ ಬಿಲ್ ಕಟ್ಟುತ್ತಿದ್ದಾರೆ.

2023ರ ನವೆಂಬರ್‌ನಲ್ಲಿ 30 ತಂಡಗಳ ಮಾಲೀಕರು ಒಟ್ಟಿಗೆ ಕೈ ಎತ್ತಿ ಸ್ಥಳಾಂತರಕ್ಕೆ ಒಪ್ಪಿದರು. ಒಬ್ಬರದೂ ವಿರೋಧವಿಲ್ಲ. ನಾಳೆ ತಮ್ಮ ಊರಿಗೂ ಇದೇ ಬೆದರಿಕೆ ಹಾಕಬೇಕಾದೀತು, ದಾರಿ ತೆರೆದಿರಲಿ ಅಂತ.

ಓಕ್ಲೆಂಡ್‌ನ ಕೊನೆಯ ಪಂದ್ಯ 2024ರ ಸೆಪ್ಟೆಂಬರ್ 26ರಂದು. ಜನ ಬರುವುದಿಲ್ಲ ಅನ್ನಿಸಿಕೊಂಡ ಊರಿನಲ್ಲಿ ಗುರುವಾರ ಮಧ್ಯಾಹ್ನ 46,889 ಜನ. ಇದೇ ಊರಿನಲ್ಲಿ ಬೆಳೆದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೂವರ್ಟ್ ಮೊದಲ ಚೆಂಡು ಎಸೆದರು. ಟೆಕ್ಸಾಸ್ ವಿರುದ್ಧ 3-2ರಿಂದ ಗೆದ್ದರು. ಆಟ ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು, ಕೊನೆಯ ಸಲ ಎಲ್ಲರೂ ಒಟ್ಟಿಗೆ ‘ಲೆಟ್ಸ್ ಗೋ ಓಕ್ಲೆಂಡ್’ ಅಂತ ಕೂಗೋಣ ಅಂದರು. ಜನ ಮೈದಾನದ ಅಂಚಿನ ಕೆಂಪು ಮಣ್ಣನ್ನು ಕಪ್ಪಿನಲ್ಲಿ, ಕವರಿನಲ್ಲಿ ತುಂಬಿಕೊಂಡು ಹೋದರು. ದೊಡ್ಡ ದೊಡ್ಡ ಮೀಸೆಯ ಗಂಡಸರು ಅಳುತ್ತಿದ್ದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಆದ್ದರಿಂದ ಮುಂದೆ ಹೋಗೋಣ. ಆ ವಾರ ಯಜಮಾನರಿಂದ ಒಂದು ಪತ್ರ ಮಾತ್ರ ಬಂದಿತ್ತು. ನಾವು ಪ್ರಯತ್ನಪಟ್ಟೆವು ಅಂತ ಹೃದಯ ತುಂಬಿ ಬರೆದಿದ್ದರು. ಪ್ರಯತ್ನಪಟ್ಟದ್ದು ನಿಜ. ಯಾವುದಕ್ಕೆ ಅನ್ನುವುದಷ್ಟೇ ಪ್ರಶ್ನೆ.

ಈಗ ವೆಸ್ಟ್ ಸ್ಯಾಕ್ರಮೆಂಟೊ. ಸಟರ್ ಹೆಲ್ತ್ ಪಾರ್ಕ್ ಸುಮಾರು 14,000 ಜನ ಹಿಡಿಯುವ ಚಿಕ್ಕ ಮೈದಾನ. ಅದು ರಿವರ್ ಕ್ಯಾಟ್ಸ್ ಅನ್ನುವ ಕೆಳ ದರ್ಜೆಯ ತಂಡದ್ದು. ಆ ರಿವರ್ ಕ್ಯಾಟ್ಸ್ ಯಾವ ದೊಡ್ಡ ತಂಡಕ್ಕೆ ಹುಡುಗರನ್ನು ತಯಾರು ಮಾಡುತ್ತದೆ? ಜಯಂಟ್ಸ್‌ಗೆ! ಸೀಮೆ ಬಿಟ್ಟುಕೊಟ್ಟವರು ಕೊನೆಗೆ ಜಯಂಟ್ಸ್‌ನ ಮರಿಗಳ ಮನೆಯಲ್ಲಿ ಬಾಡಿಗೆಗಿದ್ದಾರೆ. ಬಾಡಿಗೆ ಅಂದದ್ದೂ ತಪ್ಪು, ಬಾಡಿಗೆ ಇಲ್ಲವಂತೆ. ಮೈದಾನದ ಒಡೆತನದಲ್ಲಿ ಮುಖ್ಯರು ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ. ಅತಿಥಿಯಿಂದ ಬಾಡಿಗೆ ಕೇಳುವುದು ಹೇಗೆ ಅಂತ ಸಂಕೋಚ ಇದ್ದೀತು. ಆಟಗಾರರ ಕೋಣೆ ಔಟ್‌ಫೀಲ್ಡ್ ಗೋಡೆಯ ಆಚೆ. ನಡುವೆ ಏನಾದರೂ ಬೇಕಾದರೆ ಸಾವಿರಾರು ಜನರ ಎದುರು ಮೈದಾನದ ಉದ್ದಕ್ಕೂ ನಡೆದು ಹೋಗಬೇಕು. 2025ರ ಮಾರ್ಚ್ 31, ಇಲ್ಲಿನ ಮೊದಲ ಪಂದ್ಯ. ಶಿಕಾಗೋ ಕಬ್ಸ್ 18, ನಾವು 3. ಗೃಹಪ್ರವೇಶದ ದಿನವೇ ಹಾಲು ಉಕ್ಕುವ ಬದಲು ಪಾತ್ರೆ ತೂತಾಯಿತು.

ದಾವಣಗೆರೆಯಿಂದ ಬಂದಿದ್ದ ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದೆ. ಫ್ರೀಮಾಂಟ್‌ನಿಂದ ಸ್ಯಾಕ್ರಮೆಂಟೊ ಅಂದರೆ ಟ್ರಾಫಿಕ್ ಸೇರಿ ಒಂದು ಪ್ರಯಾಣವೇ. ಜುಲೈ ಬಿಸಿಲು. ಚಿಕ್ಕಪ್ಪ ತಲೆಗೆ ಟವೆಲ್ ಹಾಕಿಕೊಂಡು ಕೂತರು.

“ಅಲ್ಲಪ್ಪಾ, ಇದು ಯಾವೂರ ಟೀಮು?”

“ಓಕ್ಲೆಂಡ್‌ದು ಚಿಕ್ಕಪ್ಪ. ಆದರೆ ಈಗ ಅಲ್ಲ.”

“ಹಂಗಾದ್ರೆ ಈ ಊರಿಂದು.”

“ಅಲ್ಲ. ಇಲ್ಲಿ ಸುಮ್ನೆ ಇದ್ದಾರೆ.”

“ಮತ್ತೆ ಯಾವೂರಿಂದು?”

“ಮುಂದೆ ಲಾಸ್ ವೇಗಸ್‌ದು ಆಗುತ್ತೆ.”

ಚಿಕ್ಕಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ನಮ್ಮ ಆರ್‌ಸಿಬಿ ಹದಿನೇಳು ವರ್ಷ ಕಪ್ ಇಲ್ದೆ ಕೂತಿತ್ತು. ಬೈಸ್ಕೊಂಡ್ರು, ಅಳ್ಸಿದ್ರು. ಊರು ಬಿಟ್ಟು ಓಡಿಹೋಗ್ಲಿಲ್ಲ ನೋಡು.” ಆಮೇಲೆ ಪಕ್ಕದ ಸಾಲಿನಲ್ಲಿ ಹಸಿರು ‘ಸೆಲ್’ ಅಂಗಿ ಹಾಕಿಕೊಂಡವನನ್ನು ತೋರಿಸಿ ಕೇಳಿದರು: “ಅವ್ನ ಅಂಗಿ ಮೇಲೆ ಸೆಲ್ ಅಂತಿದೆ. ಏನು ಮಾರ್ತಾನಂತೆ?”

ಇಷ್ಟರ ನಡುವೆ ಹುಡುಗರು ಚೆನ್ನಾಗಿ ಆಡುತ್ತಿದ್ದಾರೆ. ನಮ್ಮ ಕಷ್ಟ ಇರುವುದೇ ಅಲ್ಲಿ. ನಿಕ್ ಕರ್ಟ್ಜ್ ಅನ್ನುವ ಹುಡುಗ 2025ರ ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಒಂದೇ ಪಂದ್ಯದಲ್ಲಿ ನಮ್ಮ ಸಿಕ್ಸರ್ ಥರದ ನಾಲ್ಕು ಹೋಮ್ ರನ್ ಹೊಡೆದ. ಆರು ಸಲ ಬ್ಯಾಟ್ ಹಿಡಿದು ಆರೂ ಸಲ ಹಿಟ್. ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಬಂತು. ಇಂಥವನು ಹೊಡೆದಾಗ ಎದ್ದು ನಿಂತು ಕೂಗದೇ ಇರಲು ಆಗುತ್ತದೆಯೇ? ಕೂಗಿದರೆ ಯಜಮಾನರ ಜೇಬಿಗೆ ಹೋಗುತ್ತದೆ. ಕೂಗದಿದ್ದರೆ ಹುಡುಗನಿಗೆ ಮೋಸ. ನಾನು ಇದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಟಿವಿಯ ಮುಂದೆ ಮ್ಯೂಟ್ ಹಾಕಿ ಕೂಗುತ್ತೇನೆ. ಮನೆಯವರು ಅಭ್ಯಾಸ ಮಾಡಿಕೊಂಡಿದ್ದಾರೆ. ಇನ್ನೊಬ್ಬರು ಲೂಯಿಸ್ ಸೆವೆರಿನೊ. ಮೂರು ವರ್ಷಕ್ಕೆ 6.7 ಕೋಟಿ ಡಾಲರ್, ಸಹಿ ಹಾಕಿದಾಗ ತಂಡದ ಇತಿಹಾಸದಲ್ಲೇ ದೊಡ್ಡ ಗುತ್ತಿಗೆ. ಅವರು ಹೊರಗಿನ ಊರುಗಳಲ್ಲಿ ಚೆನ್ನಾಗಿ ಬೌಲ್ ಮಾಡಿದರು, ‘ಮನೆ’ಯಲ್ಲಿ ಹೊಡೆಸಿಕೊಂಡರು. ಇಲ್ಲಿ ಆಡುವುದು ಅಭ್ಯಾಸ ಪಂದ್ಯದ ಹಾಗಿದೆ ಅಂತ ಬಾಯಿಬಿಟ್ಟು ಹೇಳಿಯೂಬಿಟ್ಟರು. ಮನೆಯೇ ಇಲ್ಲದವರಿಗೆ ಮನೆಯಂಗಳದ ಲಾಭ ಎಲ್ಲಿಂದ ಬರಬೇಕು?

ಲಾಸ್ ವೇಗಸ್‌ನಲ್ಲಿ ಹಳೆಯ ಟ್ರಾಪಿಕಾನಾ ಹೋಟೆಲನ್ನು 2024ರ ಅಕ್ಟೋಬರ್‌ನಲ್ಲಿ ಪಟಾಕಿ, ದೀಪಗಳ ಸಮೇತ ಸ್ಫೋಟಿಸಿ ಉರುಳಿಸಿದರು. ಅಲ್ಲಿ 9 ಎಕರೆಯಲ್ಲಿ 33,000 ಜನ ಹಿಡಿಯುವ ಮೈದಾನ. ಓಕ್ಲೆಂಡ್ ಬಂದರಿನ ಯೋಜನೆಗೆ 55 ಎಕರೆ ಬೇಕಾಗಿತ್ತು. ಜೂಜಿನ ಊರಿಗೆ ಹೋದ ತಕ್ಷಣ 9 ಎಕರೆಯಲ್ಲೇ ಸಂಸಾರ ಸಾಗುತ್ತದೆ ಅಂತ ಜ್ಞಾನೋದಯವಾಯಿತು. ಖರ್ಚು ಮೊದಲು 150 ಕೋಟಿ ಡಾಲರ್ ಅಂದರು, ಆಮೇಲೆ 175, ಆಮೇಲೆ 200. ಮರುಭೂಮಿಯ ಸೆಖೆಗೆ ಎಲ್ಲವೂ ಹಿಗ್ಗುತ್ತದೆ. ನೋಡಲು ಯಾರು ಬರುತ್ತಾರೆ ಅಂದರೆ, ಪ್ರವಾಸಿಗರು ಬರುತ್ತಾರೆ. ಯಾಂಕೀಸ್ ಬಂದರೆ ನ್ಯೂಯಾರ್ಕ್‌ನವರು, ಕಬ್ಸ್ ಬಂದರೆ ಶಿಕಾಗೋದವರು. ಅಂದರೆ ಸ್ವಂತ ಅಭಿಮಾನಿಗಳ ರಗಳೆಯೇ ಇಲ್ಲ. ಟೀಮ್ ಮಾರು ಅಂತ ಕೂಗುವವರಿಲ್ಲ, ಡೋಲು ಬಡಿಯುವವರಿಲ್ಲ, ಮಣ್ಣು ಹೊತ್ತುಕೊಂಡು ಹೋಗುವವರಿಲ್ಲ. ಎದುರಾಳಿಗೆ ಕೂಗುವ ಜನ, ಎಸಿ, ಪಕ್ಕದಲ್ಲೇ ಕ್ಯಾಸಿನೊ. ಯಜಮಾನರು ಇಪ್ಪತ್ತು ವರ್ಷ ಹುಡುಕಿದ ಊರು ಇದೇ ಇರಬೇಕು.

ಓಕ್ಲೆಂಡ್ ಏನಾಯಿತು ಅಂತ ಕೇಳುವವರಿಗೆ: 2019ರಲ್ಲಿ ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ ಹೋದರು, 2020ರಲ್ಲಿ ಫುಟ್‌ಬಾಲ್‌ನ ರೇಡರ್ಸ್ ಹೋದರು, ಇವರು ಮೂರನೆಯವರು. ರೇಡರ್ಸ್‌ಗಾಗಿ ಎಬ್ಬಿಸಿದ್ದ ಗ್ಯಾಲರಿಯ ಸಾಲದ ಕಂತನ್ನು ರೇಡರ್ಸ್ ಹೋದ ಮೇಲೂ ಊರಿನವರು ಕಟ್ಟಿದರು. ಆದರೂ ಬುದ್ಧಿ ಬಂದಿಲ್ಲ. ಬ್ಯಾಲರ್ಸ್ ಅಂತ ಒಂದು ಪುಟ್ಟ ಬೇಸ್‌ಬಾಲ್ ತಂಡ ಹುಟ್ಟಿಕೊಂಡಿದೆ. 2024ರಿಂದ ವೆಸ್ಟ್ ಓಕ್ಲೆಂಡ್‌ನ ರೈಮಂಡಿ ಪಾರ್ಕಿನಲ್ಲಿ ಪಯೊನಿಯರ್ ಲೀಗ್ ಆಡುತ್ತಿದೆ. ಯಜಮಾನರ ಮೇಲೆ ನಂಬಿಕೆ ಹೋದ ಜನಕ್ಕೇ ಷೇರು ಮಾರಿದರು. 2025ರ ಸೆಪ್ಟೆಂಬರ್‌ನಲ್ಲಿ ಕಪ್ ಕೂಡ ಗೆದ್ದರು. ಆದರೆ ಅದೇ ತಿಂಗಳು ಇವರೂ ಒಂದು ತಲೆಹರಟೆ ಮಾಡಿದರು. ಒಂದು ಪಂದ್ಯದ ಮಟ್ಟಿಗೆ ಮ್ಯಾನೇಜರ್ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ವಹಿಸಿದರು. ಯಾವ ಬೌಲರ್ ಬರಬೇಕು, ಯಾರು ಹೋಗಬೇಕು ಅಂತ ಕಂಪ್ಯೂಟರ್ ಹೇಳಿದ್ದನ್ನು ಮನುಷ್ಯ ಮಾಡಬೇಕು. ಕೆಲವು ಅಭಿಮಾನಿಗಳಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಪ್ರಯೋಗ ಒಳ್ಳೆಯದೇ, ಕುರ್ಚಿ ಮಾತ್ರ ತಪ್ಪು. ಅದನ್ನು ಒಯ್ದು ಕೂರಿಸಬೇಕಾಗಿದ್ದದ್ದು ಅಥ್ಲೆಟಿಕ್ಸ್ ಯಜಮಾನರ ಕುರ್ಚಿಯಲ್ಲಿ. ಈ ತಂಡ ಯಾವ ಊರಿನದು ಅಂತ ಕೇಳಿದರೆ ಆ ಯಂತ್ರ ಸುಳ್ಳೋ ನಿಜವೋ, ಒಂದು ಊರಿನ ಹೆಸರಾದರೂ ಹೇಳುತ್ತಿತ್ತು.